ಮೂವತ್ತೊಂದನೆಯ ಗಂಟೆ

ಫೆಬ್ರವರಿ ೯

ತಮ್ಮಾ,

ಕವರಿನ ಮೇಲಿನ ಅಕ್ಷರ ನೋಡಿದ ಕೂಡಲೇ ಯಾರದೆಂದು ಗೊತ್ತಾಗಿರುತ್ತದೆ. ಹರಿದು ಹಾಕುವ ಮುಂಚೆ ಒಂದು ಪುಟ ಓದು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಮೆಸೇಜು ಕಳಿಸಿದರೆ ನೋಡುವುದಿಲ್ಲ. ಕಾಗದವನ್ನಾದರೂ ಅಂಚೆಯವನು ಕೈಗೆ ಕೊಟ್ಟೇ ಹೋಗುತ್ತಾನೆ.

ಎರಡು ವರ್ಷದ ಹಿಂದೆ ಆ ಸಭೆಯಲ್ಲಿ ಆದದ್ದಕ್ಕೆ ಕ್ಷಮೆ ಕೇಳಲು ಬರೆಯುತ್ತಿಲ್ಲ. ಟಿವಿಗೆ ಸಿಕ್ಕಿಸಿ ಆಡುವ ಗೇಮ್ ಕನ್ಸೋಲನ್ನು ಕಂಪನಿಯವರೇ ರಿಪೇರಿ ಮಾಡಬೇಕೋ, ಹೊರಗಿನವರೂ ಮಾಡಬಹುದೋ ಎಂಬ ಚರ್ಚೆಗೆ ನಮ್ಮಂಥ ರಿಪೇರಿ ಅಂಗಡಿಯವರನ್ನೆಲ್ಲ ಕರೆದು ಕೂರಿಸಿ, ವೇದಿಕೆಯ ಮೇಲೆ ಕಂಪನಿಯ ಪರ ನಿಂತು, "ಬೀದಿ ಬದಿಯ ರಿಪೇರಿಯವರ ಕೈಗೆ ಕೊಟ್ಟರೆ ಜೀವಕ್ಕೇ ಅಪಾಯ" ಎಂದವನು ನೀನು. "ನಿಂಗೆ ಬೆಸುಗೆ ಹಾಕೋದು ಕಲಿಸಿದ್ದು ಯಾವ ಬೀದೀನಪ್ಪಾ?" ಎಂದು ಎದ್ದು ಕೇಳಿದವಳು ನಾನು. ಸಭೆಯೆಲ್ಲ ನಕ್ಕಿತು. ನಿನ್ನ ಮುಖ ಕೆಂಪಾದದ್ದು ಹಿಂದಿನ ಸಾಲಿನವರಿಗೂ ಕಂಡಿತು. ಅದು ಹಾಗೇ ಇರಲಿ.

ಈಗಿನ ವಿಷಯ ಬೇರೆ. ನವೆಂಬರಿನಲ್ಲಿ ನಿಮ್ಮ ಹೊಸ ಕನ್ಸೋಲ್ ಬಿಡುಗಡೆಯಾದಾಗ ಜನ ಅಂಗಡಿಗಳ ಮುಂದೆ ಮಡಿಸುವ ಕುರ್ಚಿ ಹಾಕಿಕೊಂಡು ಸರದಿಯಲ್ಲಿ ಕೂತಿದ್ದರಲ್ಲ, ಆ ಕನ್ಸೋಲಿನದು. ಈ ಒಂದು ತಿಂಗಳಲ್ಲಿ ಅಂಥವು ಮೂರು ನನ್ನ ಮೇಜಿಗೆ ಬಂದಿವೆ. ಮೂರಕ್ಕೂ ಒಂದೇ ದೂರು: "ಏನೋ ವಾಸನೆ ಬರುತ್ತೆ." ಬಿಚ್ಚಿ ನೋಡಿದರೆ ಮೂರರಲ್ಲೂ ಕರೆಂಟು ಒಳಗೆ ಬರುವ ಸಾಕೆಟ್ಟಿನ ಬಲಗಡೆ ಪಿನ್ನಿನ ಸುತ್ತ ಪ್ಲಾಸ್ಟಿಕ್ಕು ಸೀದ ಬ್ರೆಡ್ಡಿನ ಬಣ್ಣಕ್ಕೆ ತಿರುಗಿದೆ. ಒಂದೇ ಆಗಿದ್ದರೆ ಆ ಮನೆಯ ವೈರಿಂಗ್ ಸರಿಯಿಲ್ಲ ಅನ್ನಬಹುದಿತ್ತು. ಮೂರು ಮನೆ, ಮೂರು ಬೀದಿ, ಒಂದೇ ಪಿನ್ನು.

ಮೂರನೆಯದು ಮೀನಮ್ಮನದು. ಆ ಹೆಸರು ನಾನಿಟ್ಟದ್ದು. ಗಂಡ ಆಂಬುಲೆನ್ಸ್ ಡ್ರೈವರ್. ಆಕೆ ಸೊಂಟದ ಮೂಳೆ ಮುರಿದುಕೊಂಡು ಹದಿನಾಲ್ಕು ತಿಂಗಳಾಯಿತು, ಕುರ್ಚಿಯೇ ಗತಿ. ಗಂಡ ಕೆಲಸಕ್ಕೆ ಹೋದ ಮೇಲೆ ದಿನವಿಡೀ ನಿಮ್ಮ ಮೀನು ಹಿಡಿಯುವ ಆಟ, ರಾತ್ರಿಯೂ ಆರಿಸುವುದಿಲ್ಲ. ನನಗೆ ಫೋನ್ ಮಾಡಿ, "ಇವತ್ತು ಹನ್ನೊಂದು ಕೆ.ಜಿ. ಮೀನು ಬಿತ್ತು ಕಣಮ್ಮಾ, ತಕ್ಕಡಿ ಇದ್ರೆ ಕಳ್ಸು" ಎನ್ನುತ್ತಾರೆ. ಮೀನಮ್ಮ ಎಂದು ಕರೆದರೆ ಬಿದ್ದು ಬಿದ್ದು ನಗುತ್ತಾರೆ.

ಸಾಕೆಟ್ ಬದಲಾಯಿಸೋಣವೆಂದರೆ ನಿಮ್ಮ ಕಂಪನಿ ಹೊರಗಿನವರಿಗೆ ಬಿಡಿಭಾಗ ಮಾರುವುದಿಲ್ಲ. ನಿಮ್ಮ ಸರ್ವಿಸ್ ಸೆಂಟರಿನಲ್ಲಿ ಕೇಳಿದರೆ ಏಳು ವಾರ ಕಾಯಿರಿ ಎಂದರಂತೆ. ಆಕೆಯ ಕನ್ಸೋಲ್ ಪೆಟ್ಟಿಗೆ ನನ್ನ ಕಪಾಟಿನಲ್ಲಿದೆ. ಆಕೆ ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದಾರೆ.

ನೀನು ಕೆಲಸ ಮಾಡುವ ಪರೀಕ್ಷಾ ಕೋಣೆಗೆ ಇದು ಗೊತ್ತಿರುವ ಸಂಗತಿಯೋ? ವಾಪಸು ಕೊಡಲೋ, ಬೇಡವೋ? ಹೂಂ ಎಂದೋ ಉಹೂಂ ಎಂದೋ ಒಂದು ಮಾತು ಬರೆದರೂ ಸಾಕು.

ಅಕ್ಕ

*

ಫೆಬ್ರವರಿ ೨೦

ಅಕ್ಕಾ,

ನಿನ್ನ ಕಾಗದ ತಲುಪಿತು.

ಮೊದಲ ಕೆಲವು ತಿಂಗಳು ಸಾಕೆಟ್ಟಿನ ಬಣ್ಣ ಸ್ವಲ್ಪ ಬದಲಾಗುವುದು ಸಹಜ. ಅದು ಮಿತಿಯೊಳಗೇ ಇದೆ. ನಮ್ಮ ಪರೀಕ್ಷೆಗಳಲ್ಲಿ ಈ ಕನ್ಸೋಲ್ ಪಾಸಾಗಿದೆ, ವರದಿ ನನ್ನ ಕಣ್ಣಮುಂದಿದೆ. ನೀನು ಬಿಚ್ಚಿದ್ದರಿಂದ ಒಳಗಿನ ಮುದ್ರೆ ಒಡೆದಿರುತ್ತದೆ, ಇನ್ನು ಕಂಪನಿಯ ವಾರಂಟಿ ಸಿಗುವುದಿಲ್ಲ. ಇನ್ನೇನೂ ಮುಟ್ಟದೆ ಮುಚ್ಚಿ ಆಕೆಗೆ ವಾಪಸು ಕೊಡು. ತೊಂದರೆಯಿಲ್ಲ.

ಇವಳು ಬಸುರಿ, ಈಗ ಆರು ತಿಂಗಳು. ಮೇ ತಿಂಗಳೆಂದು ಡಾಕ್ಟರು ಹೇಳಿದ್ದಾರೆ. ನಿನಗೆ ತಿಳಿಸಬೇಕೆಂದು ಇವಳು ಎಷ್ಟೋ ಸಲ ಹೇಳಿದ್ದಳು. ಅಂಗಡಿ ಹೇಗಿದೆ? ಬಾಗಿಲ ಹತ್ತಿರದ ಆ ಟ್ಯೂಬ್‌ಲೈಟ್ ಇನ್ನೂ ಮಿಣುಕುತ್ತಲೇ ಇದೆಯಾ?

ನಿನ್ನ ತಮ್ಮ

*

ಮಾರ್ಚ್ ೧೪

ತಮ್ಮಾ,

ಮೀನಮ್ಮ ತೀರಿಹೋದರು.

ಹನ್ನೊಂದನೇ ತಾರೀಕು, ಮಧ್ಯಾಹ್ನ ಎರಡೂವರೆಗೆ. ಟಿವಿ ಸ್ಟ್ಯಾಂಡಿನ ಕೆಳಗಿನ ಗೂಡಿನಲ್ಲಿ ಪೆಟ್ಟಿಗೆ ಹತ್ತಿಕೊಂಡಿದೆ, ಅಲ್ಲಿಂದ ಪರದೆಗೆ. ಬೆಂಕಿ ಆಕೆಯನ್ನು ಮುಟ್ಟಲೇ ಇಲ್ಲವಂತೆ. ಹೊಗೆ ಸಾಕಾಯಿತು. ಕುರ್ಚಿಯಿಂದ ಇಳಿದು ಬಾಗಿಲವರೆಗೆ ತೆವಳಿದ್ದಾರೆ. ಬಾಗಿಲು ಎಳೆದರೆ ತಾನೇ ಬೀಳುವ ಚಿಲಕ, ಎತ್ತರದಲ್ಲಿತ್ತು.

ಗಂಡ ಡ್ಯೂಟಿಯಲ್ಲಿದ್ದರು. ಪಕ್ಕದ ಮನೆಯವರು ಫೋನ್ ಮಾಡಿದಾಗ ಆ ಕರೆ ಹೋದದ್ದು ಹತ್ತಿರವಿದ್ದ ಗಾಡಿಗೆ. ಹತ್ತಿರವಿದ್ದದ್ದು ಅವರದೇ ಗಾಡಿ. ವೈರ್‌ಲೆಸ್ಸಿನಲ್ಲಿ ವಿಳಾಸ ಕೇಳಿ, "ಇನ್ನೊಂದ್ಸಲ ಹೇಳಿ" ಎಂದರಂತೆ. ಇನ್ನೊಂದು ಸಲ ಹೇಳಿದರಂತೆ.

ನಿನ್ನೆ ಇನ್ಸ್‌ಪೆಕ್ಟರು ಕರೆಸಿದ್ದರು. ಜೊತೆಗೆ ನಿಮ್ಮ ಕಂಪನಿಯವರು ಇಬ್ಬರು, ಒಬ್ಬ ವಕೀಲ. ಮೇಜಿನ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಆ ಪೆಟ್ಟಿಗೆ, ಕರಗಿದ ಮೇಣದ ಹಾಗೆ. ನಾನು ಒಳಗಡೆ ತಾರೀಕು ಬರೆದು ಅಂಟಿಸುತ್ತೇನಲ್ಲ, ಆ ಚೀಟಿಯ ಅರ್ಧ ಮಾತ್ರ ಉಳಿದಿತ್ತು.

"ಇದನ್ನ ಬಿಚ್ಚಿದ್ದು ನೀವೇನಾ?"

"ನಾನೇ."

"ಸಾಕೆಟ್ ಕಂದಾಗಿದ್ದು ನೋಡಿದ್ರಾ?"

"ನೋಡಿದೆ."

"ಮತ್ಯಾಕೆ ವಾಪಸ್ ಕೊಟ್ರಿ?"

ಅದಕ್ಕೆ ನಾನು ಉತ್ತರ ಕೊಡಲಿಲ್ಲ. ಮೂರು ಸಲ ಕೇಳಿದರು. ಉತ್ತರವಿಲ್ಲ ಎಂದು ಬರೆದುಕೊಂಡರು.

ಉಳಿದೆರಡು ಪೆಟ್ಟಿಗೆಯವರ ಮನೆಗೆ ಅಲ್ಲಿಂದ ನೇರ ಹೋಗಿ ಪ್ಲಗ್ ಕಿತ್ತು ಬಂದಿದ್ದೇನೆ. ಒಬ್ಬ ಜಗಳಕ್ಕೇ ಬಂದ, ಹೊಸ ಆಟ ಶುಕ್ರವಾರ ಬಿಡುಗಡೆ ಅಂತೆ.

ನೀನು ಹೆಂಡತಿಯನ್ನು ಚೆನ್ನಾಗಿ ನೋಡಿಕೋ. ಭಾರ ಎತ್ತಲು ಬಿಡಬೇಡ.

ಅಕ್ಕ

*

ಏಪ್ರಿಲ್ ೬

ತಮ್ಮಾ,

ನಿನ್ನ ಉತ್ತರಕ್ಕೆ ಮೂರು ವಾರ ಕಾದೆ. ಅಂಚೆಯವನೇ ಈಗ ನನ್ನನ್ನು ಕಂಡರೆ ದೂರದಿಂದಲೇ ತಲೆಯಾಡಿಸುತ್ತಾನೆ.

ಉತ್ತರ ಬಂದದ್ದು ಪೇಪರಿನಲ್ಲಿ. "ಅನಧಿಕೃತ ರಿಪೇರಿಯಿಂದ ಸಂಭವಿಸಿದ ದುರಂತಕ್ಕೆ ಕಂಪನಿ ವಿಷಾದಿಸುತ್ತದೆ." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಗೂಬೆಯನ್ನು ತಂದು ನನ್ನ ಅಂಗಡಿಯ ಮೇಲೆ ಕೂರಿಸಿ ನೀವೆಲ್ಲ ಕೈ ತೊಳೆದುಕೊಂಡಿರಿ. ಆ ವಾಕ್ಯವನ್ನು ನೀನು ಬರೆದಿಲ್ಲವೆಂದು ಗೊತ್ತು. ನೀನು ಬರೆಯುವ ಕನ್ನಡ ಅಷ್ಟು ನುಣುಪಲ್ಲ.

ಇಂಟರ್ನೆಟ್ಟಿನಲ್ಲಿ ಗೇಮ್ ವಿಮರ್ಶೆ ಮಾಡುವವರಿಗೆ ಹಬ್ಬ. ನಿಮ್ಮ ಕನ್ಸೋಲಿನ ಅಭಿಮಾನಿಗಳು ಒಂದು ಕಡೆ, ಎದುರು ಕಂಪನಿಯ ಅಭಿಮಾನಿಗಳು ಇನ್ನೊಂದು ಕಡೆ. ಎದುರಿನವರು ಮೀನಮ್ಮನ ಫೋಟೋ ಹಾಕಿ ನಗೆಚಿತ್ರ ಮಾಡಿದ್ದಾರೆ. ನಿಮ್ಮವರು ನನ್ನ ಫೋಟೋ ಹಾಕಿದ್ದಾರೆ. ಸತ್ತವರು ಯಾರು ಅನ್ನುವುದು ಯಾರಿಗೂ ಬೇಡ, ಯಾವ ಪೆಟ್ಟಿಗೆ ಮೇಲು ಅನ್ನುವುದು ಬೇಕು.

ಸೋಮವಾರ ಹೋಗಿ ನೋಡಿದರೆ ಶಟರಿನ ಮೇಲೆ ಕೆಂಪು ಬಣ್ಣದಲ್ಲಿ "ಕೊಲೆಗಾರ್ತಿ" ಎಂದು ಬರೆದಿತ್ತು. ಬೀಗದ ಕೈ ಮಾಡುವ ನಮ್ಮ ಪಕ್ಕದಂಗಡಿಯವರು ಥಿನ್ನರ್ ತಂದು ಉಜ್ಜಿದರು. ಮುಗಿಸಿ ಹೇಳಿದರು, "ಅಕ್ಷರ ಮಾತ್ರ ಚೆನ್ನಾಗಿ ಬರೀತಾನೆ ಕಣಕ್ಕಾ. ಬೋರ್ಡ್ ಬರೆಯೋ ಕೆಲಸ ಕೊಡ್ಬಹುದು." ಇಬ್ಬರೂ ನಕ್ಕೆವು. ಆಮೇಲೆ ಒಳಗೆ ಹೋಗಿ ಕೂತೆ, ಬೆಸುಗೆ ಕಡ್ಡಿ ಬಿಸಿಗಿಟ್ಟು, ಹಿಡಿಯದೆ ಆರಿಸಿದೆ. ಹಿಡಿದೂ ಪ್ರಯೋಜನವಿರಲಿಲ್ಲ, ಮಾರನೆಯ ದಿನ ಅಂಗಡಿಗೆ ಪೊಲೀಸರು ಸೀಲ್ ಹಾಕಿದರು.

ಕೇಸು ನಡೆಯುತ್ತದೆ. ತನಿಖಾ ಸಮಿತಿಯೂ ಕೂರುತ್ತದಂತೆ.

ಅಕ್ಕ

*

ಏಪ್ರಿಲ್ ೧೯

ಅಕ್ಕಾ,

ಈ ಕಾಗದವನ್ನು ಐದು ಸಲ ಬರೆದು ಹರಿದಿದ್ದೇನೆ. ಆಫೀಸಿನಲ್ಲಿ ನಮ್ಮ ಫೋನು, ಮೇಲ್ ಎಲ್ಲವನ್ನೂ ಈಗ ವಕೀಲರು ನೋಡುತ್ತಾರೆ. ಅದಕ್ಕೇ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ನನಗೆ ಗೊತ್ತಿತ್ತು.

ಸೆಪ್ಟೆಂಬರಿನಲ್ಲಿ ನಲವತ್ತು ಕನ್ಸೋಲುಗಳನ್ನು ಸಾಲಾಗಿ ಇಟ್ಟು ಎಪ್ಪತ್ತೆರಡು ಗಂಟೆ ನಿಲ್ಲಿಸದೆ ಓಡಿಸಿದೆ. ಮೂವತ್ತೊಂದನೆಯ ಗಂಟೆಗೆ ಒಂದರ ಸಾಕೆಟ್ ನೂರ ಹದಿನೆಂಟು ಡಿಗ್ರಿ ಮುಟ್ಟಿತು. ಸ್ವಲ್ಪ ಹೊತ್ತಿಗೆ ಇನ್ನೆರಡು. ಒಂದು ಸಲ ಹಾಗೆ ಕಾದರೆ ಪಿನ್ನು ಸಡಿಲಾಗುತ್ತದೆ. ಆಮೇಲೆ ಅಷ್ಟು ಹೊತ್ತು ಆಡಬೇಕಾಗಿಯೇ ಇಲ್ಲ, ಮೂರು ನಾಲ್ಕು ಗಂಟೆ ಸಾಕು. ಗ್ರಾಫನ್ನು ಮುಖ್ಯಸ್ಥರ ಮೇಜಿನ ಮೇಲೆ ಇಟ್ಟೆ. ಬಿಡುಗಡೆಯ ತಾರೀಕು ಆಗಲೇ ಊರೆಲ್ಲ ಪೋಸ್ಟರಿನ ಮೇಲಿತ್ತು.

"ಯಾರಪ್ಪಾ ಮೂವತ್ತು ಗಂಟೆ ಒಂದೇ ಸಮ ಆಡ್ತಾರೆ?" ಎಂದರು. "ಎಂಟು ಗಂಟೆಗೆ ಪರೀಕ್ಷೆ ಮಾಡು. ಸಾಕೆಟ್ಟನ್ನ ಮುಂದಿನ ಬ್ಯಾಚಲ್ಲಿ ಸರಿ ಮಾಡೋಣ."

ಎಂಟು ಗಂಟೆಗೆ ನಲವತ್ತೂ ಪಾಸಾದವು. ವರದಿಯಲ್ಲಿ ಎಂಟು ಗಂಟೆ ಎಂದಷ್ಟೇ ಇದೆ. ಸುಳ್ಳು ಒಂದು ಅಕ್ಷರವೂ ಇಲ್ಲ. ಕೆಳಗೆ ಸಹಿ ನನ್ನದು. ನಿನ್ನ ಮೊದಲ ಕಾಗದ ಬಂದಾಗ ಆ ವರದಿಯನ್ನೇ ಕಣ್ಣಮುಂದೆ ಇಟ್ಟುಕೊಂಡು ನಿನಗೆ ಬರೆದೆ. ನಿಜ ಹೇಳಿದರೆ ನೀನು ಸುಮ್ಮನಿರುವವಳಲ್ಲ ಎಂಬ ಭಯ. ಅದರ ಜೊತೆಗೆ, ಹೇಳಿಬಿಡುತ್ತೇನೆ, ಆ ಸಭೆಯ ನಗು ಇನ್ನೂ ಕಿವಿಯಲ್ಲಿತ್ತು. ನೀನೇ ಸರಿ ಎಂದು ನಿನಗೆ ಬರೆದುಕೊಡಲು ಕೈ ಬರಲಿಲ್ಲ.

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಈಗ ಆಫೀಸಿನಲ್ಲಿ ಯಾರು ಕೆಮ್ಮಿದರೂ ತಿರುಗಿ ನೋಡುತ್ತೇನೆ. ಸುಟ್ಟ ಪೆಟ್ಟಿಗೆಯ ತಾಂತ್ರಿಕ ವರದಿ ಬರೆಯಲು ನನಗೇ ಹೇಳಿದ್ದಾರೆ. ಮುಂದಿನ ತಿಂಗಳು ಮಗು ಬರುತ್ತದೆ. ಈ ಕೆಲಸ ಹೋದರೆ ಇನ್ನೆಲ್ಲೂ ನನ್ನನ್ನು ಸೇರಿಸಿಕೊಳ್ಳುವುದಿಲ್ಲ. ಜೈಲೂ ಆಗಬಹುದು.

ಅಕ್ಕಾ, ನನ್ನ ಫೆಬ್ರವರಿಯ ಕಾಗದ ಏನಾಯಿತು? ಯಾರಿಗಾದರೂ ತೋರಿಸಿದ್ದೀಯಾ?

ತಮ್ಮ

*

ಏಪ್ರಿಲ್ ೨೭

ನಿನ್ನ ಕಾಗದ ಓದಿದೆ. ನಾಲ್ಕು ಪುಟದಲ್ಲಿ ಸತ್ತವರ ಬಗ್ಗೆ ಒಂದು ಸಾಲಿಲ್ಲ.

ಹೆದರಬೇಡ, ನಿನ್ನ ಕಾಗದವನ್ನು ಯಾರೂ ನೋಡಿಲ್ಲ. ಯಾಕೆ ತೋರಿಸಲಿಲ್ಲ ಎಂದು ನನ್ನನ್ನು ಕೇಳಬೇಡ. ನಿನ್ನನ್ನು ಶಾಲೆಯಿಂದ ಕರೆತಂದು ಅಂಗಡಿಯಲ್ಲಿ ನನ್ನ ಸ್ಟೂಲಿನ ಪಕ್ಕ ಕೂರಿಸಿಕೊಂಡು ಬೆಳೆಸಿದವಳಿಗೆ ಕೆಲವು ಕೆಲಸ ಬರುವುದಿಲ್ಲ, ಅಷ್ಟೇ.

ಮೀನಮ್ಮನ ಮನೆಗೆ ಹೋಗಿದ್ದೆ. ಮೂರನೇ ಮಹಡಿ. ಗೋಡೆಗೆ ಇನ್ನೂ ಬಣ್ಣ ಹೊಡೆಸಿಲ್ಲ. ಡ್ರೈವರ್ ಬಾಗಿಲು ತೆರೆದು ನೋಡಿದರು, ಬನ್ನಿ ಅನ್ನಲಿಲ್ಲ, ಹೋಗಿ ಅನ್ನಲೂ ಇಲ್ಲ. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಿದ್ದರೆ ವಾಸಿಯಿತ್ತು.

"ಒಂದೇ ಮಾತು ಹೇಳಿ," ಎಂದರು. "ಅದು ಸರಿ ಇಲ್ಲ ಅಂತ ನಿಮ್ಗೆ ಗೊತ್ತಿತ್ತಾ?"

"ಅನುಮಾನ ಇತ್ತು."

"ಮತ್ಯಾಕಮ್ಮಾ ಕೊಟ್ರಿ?"

"ನನಗಿಂತ ತಿಳಿದೋರು ಒಬ್ಬರು ಪರವಾಗಿಲ್ಲ ಅಂದ್ರು."

"ಯಾರು?"

ನಾನು ಮೆಟ್ಟಿಲಿಳಿದು ಬಂದುಬಿಟ್ಟೆ. ಅವರು ಮೆಟ್ಟಿಲ ಕಂಬಿಯ ಮೇಲೆ ಬಗ್ಗಿ ಮತ್ತೆ ಕೇಳಿದರು, "ಯಾರಮ್ಮಾ?" ಬೀದಿ ಮುಟ್ಟುವವರೆಗೂ ಆ ದನಿ ಬಂತು.

ಅವರಿಗೆ ನಾನು ಹೇಳುವುದಿಲ್ಲ.

ಅಕ್ಕ

*

ಜೂನ್ ೩

ಅಕ್ಕಾ,

ಮೇ ಹನ್ನೆರಡಕ್ಕೆ ಮಗಳು ಹುಟ್ಟಿದಳು. ಚೆನ್ನಾಗಿದ್ದಾಳೆ. ಇವಳೂ ಚೆನ್ನಾಗಿದ್ದಾಳೆ. ನಿನಗೆ ಫೋನ್ ಮಾಡಲು ನನಗೆ ಮುಖವಿರಲಿಲ್ಲ.

ಸುಟ್ಟ ಪೆಟ್ಟಿಗೆಯ ವರದಿ ಬರೆದುಕೊಟ್ಟೆ. "ಕಾರಣ ಖಚಿತವಾಗಿ ಹೇಳಲಾಗದು" ಎಂದು ಬರೆದೆ. ಅದು ನಿನ್ನನ್ನು ಉಳಿಸುವುದೂ ಇಲ್ಲ, ಕಂಪನಿಯನ್ನು ಮುಳುಗಿಸುವುದೂ ಇಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟು ಮನೆಗೆ ಬಂದು ಊಟ ಮಾಡಿದೆ, ಅಕ್ಕಾ. ಊಟ ಸೇರಿತು ಕೂಡ.

ಮೊನ್ನೆ ಭಾನುವಾರ ಬೆಳಿಗ್ಗೆ ಇವಳು ತೊಟ್ಟಿಲಿಗೆ ಜಾಗ ಮಾಡಲು ಹಾಲ್ ಸರಿಮಾಡುತ್ತಿದ್ದಳು. ಟಿವಿಯ ಹಿಂದೆ ಕೈ ಹಾಕಿ, ಕನ್ಸೋಲಿನ ವೈರು ಹಿಡಿದುಕೊಂಡು ನಿಂತಳು. ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದೆ.

"ಇದನ್ನ ಯಾವಾಗ ತೆಗೆದಿಟ್ರಿ?"

ಏನೋ ಹೇಳಿದೆ. ಜಾಗ ಸಾಲದು ಎಂದೋ ಏನೋ.

"ಉಹೂಂ. ಬಿಡುಗಡೆಯಾದ ವಾರವೇ ಆಫೀಸಿಂದ ತಂದ್ರಿ. ಒಂದು ದಿನವೂ ಹಾಕೋಕೆ ಬಿಡ್ಲಿಲ್ಲ. ಕಣ್ಣಿಗೆ ಕೆಟ್ಟದ್ದು ಅಂದ್ರಿ, ನಾನೂ ನಂಬಿದೆ." ವೈರನ್ನು ಮೇಜಿನ ಮೇಲಿಟ್ಟಳು. "ನಮ್ಮನೇದನ್ನ ಮಾತ್ರ ಯಾಕೆ ತೆಗೆದಿಟ್ರಿ?"

ಮಗು ಅಳುತ್ತಿತ್ತು. ಅವಳು ಎತ್ತಿಕೊಳ್ಳಲು ಹೋಗಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ನಾನು ಎಲ್ಲವನ್ನೂ ಹೇಳಿದೆ. ಕೇಳಿ, ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹದಿನೈದನೇ ತಾರೀಕು ತನಿಖಾ ಸಮಿತಿಯ ಮುಂದೆ ಹೋಗುತ್ತೇನೆ. ಮೂವತ್ತೊಂದು ಗಂಟೆಯ ಗ್ರಾಫಿನ ಪ್ರತಿ ನನ್ನ ಹತ್ತಿರವಿದೆ. ಫೆಬ್ರವರಿಯ ಕಾಗದದ ಮಾತನ್ನೂ ಹೇಳುತ್ತೇನೆ, ನೀನು ಅದನ್ನು ತಂದು ಕೊಡು. ನಿನಗಾಗಿ ಹೋಗುತ್ತಿದ್ದೇನೆ ಎಂದರೆ ಸುಳ್ಳಾಗುತ್ತದೆ. ನಿನಗಾಗಿ ಹೋಗುವುದಿದ್ದರೆ ಮಾರ್ಚಿನಲ್ಲೇ ಹೋಗಬೇಕಿತ್ತು. ಅವಳು ಆ ಪ್ರಶ್ನೆ ಕೇಳಿದಳು, ಅದಕ್ಕೆ ಹೋಗುತ್ತಿದ್ದೇನೆ.

ಸತ್ತವರ ಬಗ್ಗೆ ಬರೆಯಲಿಲ್ಲ ಎಂದೆಯಲ್ಲ. ಬರೆಯಲು ಕೂತರೆ ಚಿಲಕ ಕಣ್ಣಿಗೆ ಬರುತ್ತದೆ. ಇಂದೂ ಅದಕ್ಕಿಂತ ಮುಂದೆ ಹೋಗಲು ಆಗುತ್ತಿಲ್ಲ.

ತಮ್ಮ

*

ಆಗಸ್ಟ್ ೧೭

ತಮ್ಮಾ,

ವಿಚಾರಣೆಯಾದ ಮೇಲೆ ನೀನು ಬರೆದ ಮೂರೂ ಕಾಗದ ಬಂದಿವೆ. ಉತ್ತರ ತಡವಾಯಿತು. ಏನು ಬರೆಯಬೇಕೆಂದು ನನಗೇ ತಿಳಿದಿರಲಿಲ್ಲ.

ನನ್ನ ಮೇಲಿನ ಕೇಸು ಬಿದ್ದುಹೋಯಿತು. ಅಂಗಡಿಯ ಸೀಲು ತೆಗೆದರು. ಮಾರಿದ ಕನ್ಸೋಲುಗಳನ್ನೆಲ್ಲ ಕಂಪನಿ ವಾಪಸು ತರಿಸಿಕೊಳ್ಳುತ್ತಿದೆ, ನಮ್ಮ ಬೀದಿಯ ಕೊರಿಯರ್ ಆಫೀಸಿನಲ್ಲಿ ಪೆಟ್ಟಿಗೆಗಳು ಚಾವಣಿಯವರೆಗೆ ಪೇರಿಸಿವೆ. ಹೊರಗಿನ ಅಂಗಡಿಗಳಿಗೂ ಬಿಡಿಭಾಗ ಮಾರಬೇಕೆಂದು ಸಮಿತಿ ಹೇಳಿದೆ. ರಿಪೇರಿಯವರ ಸಂಘದವರು ಹಾರ ತಂದಿದ್ದರು. ಗೆದ್ದೆವು ಅಕ್ಕಾ ಎಂದರು. ಹಾರವನ್ನು ಕೈಯಲ್ಲಿ ಇಸಿದುಕೊಂಡೆ, ಕೊರಳಿಗೆ ಹಾಕಲು ಬಿಡಲಿಲ್ಲ. ಶಟರಿನ ಮೇಲೆ ಬರೆದವರು ಮಾತ್ರ ಯಾರೂ ಬಂದಿಲ್ಲ.

ನಿನ್ನ ಕೆಲಸ ಹೋದದ್ದು, ನಿನ್ನ ಮೇಲೂ ಮುಖ್ಯಸ್ಥರ ಮೇಲೂ ಕೇಸು ಹಾಕಿದ್ದು, ನಿನ್ನ ಹೆಂಡತಿ ಮಗುವನ್ನು ಕರೆದುಕೊಂಡು ತವರಿಗೆ ಹೋದದ್ದು, ಎಲ್ಲ ಗೊತ್ತಾಯಿತು. ಅವಳು ನನಗೆ ಫೋನ್ ಮಾಡುತ್ತಿರುತ್ತಾಳೆ. ಬಿಟ್ಟುಹೋಗಿದ್ದಾಳೆ ಎಂದುಕೊಳ್ಳಬೇಡ, ಇನ್ನೂ ಯೋಚಿಸುತ್ತಿದ್ದಾಳೆ.

ವಿಚಾರಣೆಯ ದಿನ ನೀನು ಎಲ್ಲವನ್ನೂ ಹೇಳಿ ಇಳಿದು ಬಂದು ನನ್ನ ಕಡೆ ಕೈ ಚಾಚಿದೆ. ನಾನು ಹಿಡಿಯಲಿಲ್ಲ. ಯಾಕೆ ಎಂದು ಮೂರು ಕಾಗದದಲ್ಲೂ ಕೇಳಿದ್ದೀಯ. ನಿನ್ನ ಮೇಲಿನ ಸಿಟ್ಟಿಗೆ ಎಂದುಕೊಂಡಿದ್ದೀಯ. ಸಿಟ್ಟು ಇದೆ. ಆದರೆ ಕಾರಣ ಅದಲ್ಲ.

ಮೂವತ್ತು ವರ್ಷ ನಾನು ಬೆಸುಗೆ ಹಿಡಿದಿದ್ದೇನೆ. ಅಪ್ಪನ ರೇಡಿಯೋ ಕಾಲದಿಂದ ಎಷ್ಟೋ ಸಾಕೆಟ್ ನೋಡಿದ್ದೇನೆ. ಅದು ಕೆಟ್ಟಿದೆ ಎಂದು ನನ್ನ ಬೆರಳಿಗೆ ಗೊತ್ತಿತ್ತು, ನಿನ್ನನ್ನು ಕೇಳಬೇಕಾಗಿಯೇ ಇರಲಿಲ್ಲ. ನಿನ್ನ ಉತ್ತರ ಬಂದ ದಿನ ಓದಿ, ಇದು ಸುಳ್ಳು ಎಂದೂ ಅನಿಸಿತು. ಆದರೆ ಕೊನೆಯಲ್ಲಿ ಮಗುವಿನ ಸುದ್ದಿ ಇತ್ತು. ಅಂಗಡಿ ಹೇಗಿದೆ ಎಂದು ನೀನು ಕೇಳಿದ್ದೆ. ಎರಡು ವರ್ಷ ಮಾತು ಬಿಟ್ಟಿದ್ದ ತಮ್ಮ ಬರೆದ ಕಾಗದ ಅದು. ಅಲ್ಲಪ್ಪಾ, ನೀನು ಹೇಳುತ್ತಿರುವುದು ತಪ್ಪು ಎಂದು ತಿರುಗಿ ಬರೆದರೆ ಮತ್ತೆ ಸಭೆಯಲ್ಲಿ ಎದ್ದು ನಿಂತ ಹಾಗಾಗುತ್ತಿತ್ತು. ಮತ್ತೆ ಎರಡು ವರ್ಷ ಹೋಗುತ್ತಿತ್ತು. ಅಷ್ಟು ಹೊತ್ತಿಗೆ ಮಗು ನಡೆಯುತ್ತಿತ್ತು, ಅತ್ತೆ ಯಾರು ಎಂದು ತಿಳಿಯದೆ.

ಅದಕ್ಕೇ ನಾನು ಆ ಪೆಟ್ಟಿಗೆ ಮುಚ್ಚಿ, ಸ್ಕ್ರೂ ಬಿಗಿದು, ನಾನೇ ಆಟೋದಲ್ಲಿ ಇಟ್ಟುಕೊಂಡು ಹೋಗಿ ಕೊಟ್ಟು ಬಂದೆ. ಮೀನಮ್ಮ ಕೂತಲ್ಲಿಂದಲೇ ಚಪ್ಪಾಳೆ ತಟ್ಟಿದರು. ದಾರಿಯುದ್ದಕ್ಕೂ ನನಗೆ ಸಂತೋಷವೇ ಇತ್ತು, ತಮ್ಮಾ. ಇದನ್ನು ಸಮಿತಿ ಕೇಳಲಿಲ್ಲ. ನೀನು ಬಂದು ಹೇಳಿದ ಮೇಲೆ ಎಲ್ಲರೂ ನನ್ನನ್ನು ನಿರಪರಾಧಿ ಎಂದರು. ಆ ಪೆಟ್ಟಿಗೆ ಕೊಟ್ಟು ಬಂದ ಕೈಯನ್ನು ಚಾಚಿ ನಿನ್ನ ಕೈ ಹಿಡಿಯಲು ನನಗಾಗಲಿಲ್ಲ.

ಹೋದ ವಾರ ಮತ್ತೆ ಆ ಮೂರನೇ ಮಹಡಿಗೆ ಹೋದೆ. ನಿನಗೆ ಈಗ ಬರೆದದ್ದನ್ನೆಲ್ಲ ಮೀನಮ್ಮನ ಗಂಡನಿಗೆ ಹೇಳಿದೆ. ಅವರು ಕೇಳಿಸಿಕೊಂಡರು. ಡ್ಯೂಟಿಗೆ ಹೊರಟಿದ್ದರು, ಬೂಟಿನ ದಾರ ಕಟ್ಟುತ್ತಿದ್ದರು. ಕಟ್ಟಿ ಎದ್ದು, "ನಿಮ್ಮ ತಮ್ಮ ಎಲ್ಲಾರ ಮುಂದೆ ಹೇಳಿದ. ನನ್ನ ಮುಂದೆ ಹೇಳಿಲ್ಲ" ಎಂದರು. ಬೀಗ ಹಾಕಿಕೊಂಡು ನನಗಿಂತ ಮುಂಚೆ ಇಳಿದುಹೋದರು.

ಬಂದುಬಿಡುತ್ತೇನೆ, ಅಂಗಡಿಯಲ್ಲೇ ಕೆಲಸ ಮಾಡುತ್ತೇನೆ ಎಂದು ಬರೆದಿದ್ದೀಯ. ಬಾ. ಆದರೆ ಮೊದಲು ನನ್ನ ಅಂಗಡಿಗಲ್ಲ. ಬಸ್ಸಿಳಿದವನು ನೇರ ಅವರ ಮನೆಗೆ ಹೋಗು. ಬುಧವಾರ ಅವರಿಗೆ ರಜೆ. ಬಾಗಿಲು ತೆರೆಯುತ್ತಾರೆ, ಆದರೆ ಒಳಗೆ ಕರೆಯುವುದಿಲ್ಲ. ಕೂತುಕೋ ಎನ್ನುವುದಿಲ್ಲ.

ನೀನು ಹೇಳುವುದನ್ನು ಹೇಳಿ ಓಡಿ ಬರಬೇಡ. ಅವರು ಬಾಗಿಲು ಹಾಕಿಕೊಳ್ಳುವವರೆಗೆ ಅಲ್ಲೇ ನಿಂತಿರು.

ಅಕ್ಕ